ಪಂಪಿನ ಔಷಧ ಎದೆಗಿಳಿಯಲಿ

ನೊಣವಿನಕೆರೆ ಸೀಮೆಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಗೂರಲು ಹಳೆಯದು. ಮಳೆಗಾಲ ಹಿಡಿಯಿತೆಂದರೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಒಂದು ಸಲ ಹಬ್ಬಕ್ಕೆ ಹೋದಾಗ, "ಆರು ತಿಂಗಳಿಂದ ದುಬಾರಿ ಔಷಧಿ ತಗೊಳ್ತಾ ಇದೀನಿ, ಒಂದು ಚೂರೂ ಗುಣ ಕಾಣ್ಲಿಲ್ಲ" ಎಂದರು. ಹೇಗೆ ತಗೊಳ್ತೀರಿ, ತೋರಿಸಿ ಎಂದೆ. ಗೋಡೆಯ ಗೂಡಿನಿಂದ ಪುಟ್ಟ ಬಾಟಲಿ ತೆಗೆದರು. ಅದರೊಳಗಿನ ಕ್ಯಾಪ್ಸೂಲೊಂದನ್ನು ಬಾಯಿಗೆ ಹಾಕಿಕೊಂಡು, ಚೊಂಬಿನ ನೀರು ಕುಡಿದು ನುಂಗಿಬಿಟ್ಟರು!

ಅದು ನುಂಗುವ ಗುಳಿಗೆ ಆಗಿರಲಿಲ್ಲ. ರೋಟಾಹೇಲರ್ ಎಂಬ ಸಾಧನದೊಳಗೆ ಹಾಕಿ, ಒಳಗಿನ ಪುಡಿಯನ್ನು ಉಸಿರಿನ ಜೊತೆ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲು. ಸಾಧನ ಎಲ್ಲಿ ಎಂದರೆ, ಬೀರುವಿನ ಮೇಲೆ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಇಟ್ಟಿದ್ದರು. "ಮಕ್ಕಳಾಟದ ಸಾಮಾನಿನ ಥರ ಇತ್ತು, ಎತ್ತಿಟ್ಟೆ" ಎಂದರು. ಔಷಧ ಕೊಟ್ಟ ಕಡೆ "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂದಷ್ಟೇ ಹೇಳಿ ಕಳಿಸಿದ್ದರು. ಆರು ತಿಂಗಳು ಔಷಧವೆಲ್ಲ ಹೊಟ್ಟೆಗೆ ಹೋಗಿತ್ತು. ಎದೆಗೆ ಒಂದು ಕಣವೂ ಇಳಿದಿರಲಿಲ್ಲ.

ಅಂದಿನಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನೆಂಟರಿಷ್ಟರ ಮನೆಗೆ ಹೋದಾಗಲೆಲ್ಲ ಗೂರಲಿನ ಪಂಪು (ಇನ್‌ಹೇಲರ್) ಕಂಡರೆ "ಹೇಗೆ ಎಳೀತೀರಿ?" ಎಂದು ಕೇಳುವುದು ನನಗೆ ರೂಢಿಯಾಗಿದೆ. ಮುಚ್ಚಳ ತೆಗೆಯದೆ ಒತ್ತುವವರನ್ನು ಕಂಡಿದ್ದೇನೆ. ಬಾಯಿ ತೆರೆದು ನಾಲಿಗೆಯ ಮೇಲೆ ಚಿಮ್ಮಿಸಿಕೊಂಡು ಚಪ್ಪರಿಸುವವರನ್ನೂ, ಎರಡು ದಿನ ಉಸಿರು ಸಲೀಸಾದ ಕೂಡಲೇ ಡ್ರಾಯರಿಗೆ ಎಸೆದವರನ್ನೂ ಕಂಡಿದ್ದೇನೆ. ಔಷಧ ಒಳ್ಳೆಯದೇ. ಸೇರಬೇಕಾದ ಜಾಗಕ್ಕೆ ಅದು ಸೇರುತ್ತಿಲ್ಲ, ಸೇರಬೇಕಾದಷ್ಟು ದಿನವೂ ಸೇರುತ್ತಿಲ್ಲ. ಈ ಲೇಖನ ಅದಕ್ಕಾಗಿ.

ಅಸ್ತಮಾ ಬೇರೆ, ಸಿಒಪಿಡಿ ಬೇರೆ

ನಮ್ಮ ಕಡೆ ಉಬ್ಬಸ, ದಮ್ಮು, ಗೂರಲು ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ವೈದ್ಯರ ಲೆಕ್ಕದಲ್ಲಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಅಸ್ತಮಾದಲ್ಲಿ ಉಸಿರುನಾಳಗಳ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಧೂಳು, ಥಂಡಿ, ಪರಾಗ, ಹೊಗೆ, ನೆಗಡಿ ತಗುಲಿದಾಗ ಹೆಚ್ಚುತ್ತದೆ, ಔಷಧ ಕೊಟ್ಟರೆ ಇಳಿಯುತ್ತದೆ. ಬಹಳ ಮಂದಿಗೆ ಚಿಕ್ಕಂದಿನಲ್ಲೇ ಶುರುವಾಗುತ್ತದೆ, ರಾತ್ರಿ ಮತ್ತು ನಸುಕಿನಲ್ಲಿ ಕಾಟ ಜಾಸ್ತಿ. ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದವರ ಕಾಯಿಲೆ. ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸಕೋಶ ಸವೆದಿರುತ್ತದೆ. ಸವೆದದ್ದು ಮತ್ತೆ ಬಾರದು, ಮುಂದೆ ಸವೆಯುವುದನ್ನು ನಿಧಾನ ಮಾಡಬಹುದು, ಇರುವ ಉಸಿರಿನಲ್ಲಿ ಸಲೀಸಾಗಿ ಬದುಕುವಂತೆ ಮಾಡಬಹುದು.

ಹೊಗೆ ಎಂದ ಕೂಡಲೇ ಬೀಡಿ, ಸಿಗರೇಟು ಎಂದುಕೊಳ್ಳುತ್ತೇವೆ. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆ ಭಾಗದ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಅಡುಗೆ ಮಾಡುವ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳ ಲೆಕ್ಕವಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ, ಎರಡನ್ನೂ ಗುಣಿಸಬೇಕು. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಗಣನೀಯವಾಗಿ ಏರುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಒಲೆ ಉರಿಸಿದರೆ 60 ಆಯಿತು. ನಮ್ಮ ದೊಡ್ಡಮ್ಮನದು ನೂರೈವತ್ತು ದಾಟುತ್ತದೆ. ನಿಮ್ಮ ತಾಯಿಯದು, ಅಜ್ಜಿಯದು ಎಷ್ಟಾಗುತ್ತದೆ, ಒಮ್ಮೆ ಕೂತು ಲೆಕ್ಕ ಹಾಕಿ.

ಯಾವ ಕಾಯಿಲೆ ಎಂದು ತಿಳಿಯಲು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಇದೆ. ನೋವಿಲ್ಲ, ಸೂಜಿ ಇಲ್ಲ. ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು. ಔಷಧ ಕೊಟ್ಟು ಮತ್ತೆ ಊದಿಸುತ್ತಾರೆ. ತುಮಕೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಇದಕ್ಕೆ ಅನುಕೂಲವಿದೆ. ಜೀವನಪೂರ್ತಿ ಔಷಧ ತೆಗೆದುಕೊಳ್ಳುವ ಮುಂಚೆ ಈ ಪರೀಕ್ಷೆ ಒಮ್ಮೆಯಾದರೂ ಆಗಿರಲಿ. ಇನ್ನೊಂದು ಮಾತು: ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಗೂರಲು ಎಂದು ನೀವೇ ತೀರ್ಮಾನಿಸದೆ ಮೊದಲು ಕಫದ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಒಂದೇ ಪಂಪಿನಲ್ಲಿ ಎರಡು ಔಷಧ

ಅಂಗಡಿಯಲ್ಲಿ ಫೋರಾಕಾರ್ಟ್, ಬುಡಾಮೇಟ್, ಸೆರೋಫ್ಲೋ ಎಂಬ ಹೆಸರುಗಳಲ್ಲಿ ಸಿಗುವುದು ಜೋಡಿ ಔಷಧದ ಪಂಪುಗಳು. ಮೊದಲ ಎರಡರಲ್ಲಿ ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಇವೆ. ಸೆರೋಫ್ಲೋದಲ್ಲಿ ಫ್ಲುಟಿಕಾಸೋನ್ ಮತ್ತು ಸಾಲ್ಮೆಟೆರಾಲ್. ಎಲ್ಲದರಲ್ಲೂ ಒಂದು ಔಷಧ ನಾಳದ ಊತ ಇಳಿಸುವ ಸ್ಟೀರಾಯ್ಡ್, ಇನ್ನೊಂದು ಬಿಗಿದ ಸ್ನಾಯುವನ್ನು ಸುಮಾರು ಹನ್ನೆರಡು ಗಂಟೆ ಸಡಿಲವಾಗಿಡುವ ಔಷಧ. ಬಾಗಿಲು ಬಿಗಿಯಾದಾಗ ಹೊರಗಿನಿಂದ ತಳ್ಳುವುದು ಒಂದು ಕೆಲಸ, ಮಳೆಯಲ್ಲಿ ನೆನೆದು ಊದಿಕೊಂಡ ಮರವನ್ನು ಒಣಗಿಸುವುದು ಇನ್ನೊಂದು ಕೆಲಸ. ತಳ್ಳಿದ್ದು ಕೂಡಲೇ ಗೊತ್ತಾಗುತ್ತದೆ, ಒಣಗಿದ್ದು ಗೊತ್ತಾಗಲು ದಿನಗಳು ಬೇಕು. ಸ್ಟೀರಾಯ್ಡ್ ಪೂರ್ತಿ ಕೆಲಸ ತೋರಿಸಲು ವಾರಗಳೇ ಹಿಡಿಯುತ್ತವೆ.

ಅಸ್ಥಾಲಿನ್ ಎಂಬ ಪಂಪು ಎಲ್ಲರಿಗೂ ಗೊತ್ತು. ಅದರಲ್ಲಿರುವುದು ಸಾಲ್ಬುಟಮಾಲ್ ಮಾತ್ರ. ಕೆಲವೇ ನಿಮಿಷದಲ್ಲಿ ಉಸಿರು ಬಿಡುತ್ತದೆ, ನಾಲ್ಕಾರು ಗಂಟೆಯಲ್ಲಿ ಅದರ ಶಕ್ತಿ ಮುಗಿಯುತ್ತದೆ. ಊತಕ್ಕೆ ಅದು ಏನೂ ಮಾಡದು. ಬೆಂಕಿ ಆರಿಸದೆ ಹೊಗೆ ಬೀಸಿಕೊಂಡಂತೆ. ಅದಕ್ಕೇ ಅಸ್ತಮಾದ ಜಾಗತಿಕ ಮಾರ್ಗಸೂಚಿ ಬರೆಯುವ ಗೀನಾ ಸಂಸ್ಥೆ, ದೊಡ್ಡವರು ಮತ್ತು ಹದಿಹರೆಯದವರು ಅಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ನಂಬಿ ಇರಬಾರದು ಎಂದು 2019ರಲ್ಲಿ ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಅಸ್ಥಾಲಿನ್ ಪಂಪು ಖಾಲಿಯಾಗುತ್ತಿದ್ದರೆ ಉಬ್ಬಸ ಉಲ್ಬಣಿಸುವ ಅಪಾಯ ಜಾಸ್ತಿ. ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಜೀವಕ್ಕೇ ಅಪಾಯ. ಮೆಡಿಕಲ್ ಸ್ಟೋರಿನವರು ಚೀಟಿ ಕೇಳದೆ ಕೊಡುತ್ತಾರೆಂದು ಅಸ್ಥಾಲಿನ್ ಮೇಲೆ ಅಸ್ಥಾಲಿನ್ ಒಯ್ಯುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಜೋಡಿ ಪಂಪುಗಳಲ್ಲೂ ಒಂದು ವ್ಯತ್ಯಾಸ ನೆನಪಿರಲಿ. ಫಾರ್ಮೊಟೆರಾಲ್ ಎರಡು ಮೂರು ನಿಮಿಷದಲ್ಲೇ ಕೆಲಸ ಶುರುಮಾಡುತ್ತದೆ. ಹಾಗಾಗಿ ಅದಿರುವ ಪಂಪನ್ನು ಅಸ್ತಮಾದವರಿಗೆ ದಿನನಿತ್ಯಕ್ಕೂ ತುರ್ತಿಗೂ ಒಂದೇ ಪಂಪಾಗಿ ವೈದ್ಯರು ಬರೆದುಕೊಡುವುದುಂಟು. ಆಗ ದೊಡ್ಡವರು ದಿನವೊಂದಕ್ಕೆ 12 ಪಫ್ (ಒಮ್ಮೆ ಒತ್ತಿ ಎಳೆದರೆ ಒಂದು ಪಫ್) ದಾಟಬಾರದು ಎಂಬ ಮಿತಿ ಇದೆ. ಅಷ್ಟರ ಹತ್ತಿರ ಹೋಗುವ ದಿನ ಬಂದರೆ ಪಫ್ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಸಾಲ್ಮೆಟೆರಾಲ್ ನಿಧಾನಿ. ಸೆರೋಫ್ಲೋ ಎಳೆದು ಈಗಲೇ ಉಸಿರು ಬಿಡಲಿ ಎಂದರೆ ಆಗದು, ತುರ್ತಿಗೆ ಬೇರೆ ಪಂಪು ಇರಬೇಕು. ನಿಮ್ಮದು ಯಾವ ಬಗೆಯದು ಎಂದು ವೈದ್ಯರನ್ನು ಕೇಳಿ, ಪಂಪಿನ ಮೇಲೆ ಬಿಳಿ ಪಟ್ಟಿ ಅಂಟಿಸಿ "ದಿನಾ" ಅಥವಾ "ಕಷ್ಟ ಬಂದಾಗ" ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ. ಕಣ್ಣು ಮಂಜಾದ ಹಿರಿಯರಿಗೆ ಇದು ದೊಡ್ಡ ಉಪಕಾರ.

ಸಿಒಪಿಡಿಯ ಲೆಕ್ಕ ಬೇರೆ. ಅಲ್ಲಿ ಮುಖ್ಯವಾಗಿ ನಾಳ ಅಗಲಿಸುವ ಎರಡು ಬಗೆಯ ಔಷಧಗಳ ಜೋಡಿ ಕೊಡುತ್ತಾರೆ. ಪದೇಪದೇ ಉಲ್ಬಣಿಸುವವರಿಗೆ ರಕ್ತಪರೀಕ್ಷೆ ನೋಡಿ ಸ್ಟೀರಾಯ್ಡ್ ಸೇರಿಸುತ್ತಾರೆ. ಪಕ್ಕದ ಮನೆಯವರ ಪಂಪು ನಿಮಗೆ ಹೊಂದದಿರಲು ಕಾರಣ ಇದೇ.

ಉಸಿರಿನ ಮೂಲಕ ಔಷಧ ತೆಗೆದುಕೊಳ್ಳುವುದು ಎಲ್ಲಿಂದಲೋ ಬಂದದ್ದೆಂದು ಅನುಮಾನಪಡುವ ಹಿರಿಯರಿದ್ದಾರೆ. ಅವರಿಗೆ ನಾನು ಉಮ್ಮತ್ತಿಯ ಕಥೆ ಹೇಳುತ್ತೇನೆ. ನಮ್ಮ ಬೇಲಿ ಸಾಲಿನಲ್ಲಿ ಬೆಳೆಯುವ ಉಮ್ಮತ್ತಿಯ ಹೊಗೆಯನ್ನು ಉಬ್ಬಸಕ್ಕೆ ಸೇದುವ ಪದ್ಧತಿ ಈ ನೆಲದಲ್ಲಿ ಹಿಂದಿನಿಂದ ಇತ್ತು. ಮದ್ರಾಸಿನಲ್ಲಿದ್ದ ಬ್ರಿಟಿಷರು ಅದನ್ನು ಕಂಡು 1802ರ ಸುಮಾರಿಗೆ ತಮ್ಮ ದೇಶಕ್ಕೆ ಒಯ್ದರು. ಇಂದು ಸಿಒಪಿಡಿಗೆ ಕೊಡುವ ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ಔಷಧಗಳು ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ವಂಶದವು. ಗಿಡ ಮಾತ್ರ ಕಡು ವಿಷ, ಯಾರೂ ಪ್ರಯೋಗ ಮಾಡಬಾರದು. ಒತ್ತುವ ಪಂಪು ಬಂದದ್ದು 1956ರಲ್ಲಿ, ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನಿಂದ. ಆ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳಿಗೆ ಅಸ್ತಮಾ ಇತ್ತು. ಕೂದಲಿಗೆ ಹಾಕುವ ಸ್ಪ್ರೇಯ ಹಾಗೆ ನನ್ನ ಔಷಧವೂ ಡಬ್ಬಿಯಲ್ಲಿ ಯಾಕೆ ಬರಬಾರದು ಎಂದು ಹದಿಮೂರರ ಆ ಹುಡುಗಿ ಕೇಳಿದ ಪ್ರಶ್ನೆಯಿಂದಲೇ ಇದು ಹುಟ್ಟಿತು.

ಎಳೆಯುವ ಕ್ರಮ

ಸಾಧಾರಣ ಒತ್ತುವ ಪಂಪಿನಲ್ಲಿ, ಸರಿಯಾಗಿ ಎಳೆದಾಗಲೂ ಎದೆಯೊಳಗೆ ಇಳಿಯುವುದು ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ. ಉಳಿದದ್ದು ಬಾಯಿ, ಗಂಟಲಿಗೆ ಅಂಟುತ್ತದೆ. ತಪ್ಪಾಗಿ ಎಳೆದರೆ ಆ ಹತ್ತು ಭಾಗವೂ ಇಲ್ಲ. ಹಾಗಾಗಿ ಈ ಭಾಗವನ್ನು ನಿಧಾನವಾಗಿ, ಪಂಪು ಕೈಯಲ್ಲಿ ಹಿಡಿದುಕೊಂಡೇ ಓದಿ.

ನೆಟ್ಟಗೆ ಕೂತುಕೊಳ್ಳಿ, ಇಲ್ಲವೇ ನಿಲ್ಲಿ. ಮುಚ್ಚಳ ತೆಗೆದು ಬಾಯಿಗಿಡುವ ತುದಿಯೊಳಗೆ ಇಣುಕಿ ನೋಡಿ, ಕಸ, ಇರುವೆ ಸೇರಿರಬಹುದು. ಪಂಪನ್ನು ಚೆನ್ನಾಗಿ ಕುಲುಕಿ. ಹೊಸದಾದರೆ ಅಥವಾ ಬಹಳ ದಿನ ಬಳಸದೆ ಇಟ್ಟಿದ್ದರೆ ಒಂದೆರಡು ಸಲ ಗಾಳಿಗೆ ಒತ್ತಿ ಹಾರಿಸಬೇಕು, ಎಷ್ಟು ಸಲ ಎಂಬುದು ಪೆಟ್ಟಿಗೆಯ ಚೀಟಿಯಲ್ಲಿರುತ್ತದೆ. ಈಗ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಈ ಹೆಜ್ಜೆಯನ್ನು ಮರೆಯುವವರೇ ಹೆಚ್ಚು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ನಿಲ್ಲುವುದೇ? ಎದೆ ಖಾಲಿಯಾದ ಮೇಲೆ ಪಂಪಿನ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಾಲಿಗೆ ಅಡ್ಡ ಬಾರದಂತೆ ಕೆಳಗಿರಿಸಿ. ನಿಧಾನವಾಗಿ ಉಸಿರೆಳೆಯಲು ಶುರು ಮಾಡುತ್ತಿದ್ದಂತೆಯೇ ಡಬ್ಬಿಯನ್ನು ಒಮ್ಮೆ ಒತ್ತಿ. ಒತ್ತಿದ ಮೇಲೂ ಎಳೆಯುತ್ತಲೇ ಇರಿ, ನಾಲ್ಕೈದು ಎಣಿಸುವಷ್ಟು ಹೊತ್ತು, ಎದೆ ತುಂಬುವ ತನಕ. ಪಂಪು ತೆಗೆದು ಬಾಯಿ ಮುಚ್ಚಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಮೆಲ್ಲಗೆ ಬಿಡಿ. ಎರಡನೆಯ ಪಫ್ ಇದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎಲ್ಲವನ್ನೂ ಮೊದಲಿನಿಂದ ಮಾಡಿ. ಎರಡು ಸಲ ಒಟ್ಟಿಗೆ ಒತ್ತಿ ಒಂದೇ ಸಲ ಎಳೆಯುವುದು ದಂಡ.

ಒತ್ತುವುದು, ಎಳೆಯುವುದು ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸುವುದು ವಯಸ್ಸಾದವರಿಗೆ, ಮಕ್ಕಳಿಗೆ ಕಷ್ಟ. ಅದಕ್ಕೆ ಸ್ಪೇಸರ್ ಇದೆ. ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಬುರುಡೆ. ಒತ್ತಿದ ಔಷಧ ಅದರಲ್ಲಿ ನಿಲ್ಲುತ್ತದೆ, ಅಲ್ಲಿಂದ ನಿಧಾನವಾಗಿ ಎಳೆದುಕೊಳ್ಳಬಹುದು. ಒಂದೇ ಉಸಿರು ಸಾಲದಿದ್ದರೆ ನಾಲ್ಕೈದು ಸಾಧಾರಣ ಉಸಿರಿನಲ್ಲಿ ಎಳೆದರೂ ನಡೆಯುತ್ತದೆ. ಚಿಕ್ಕ ಮಕ್ಕಳಿಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಸಿಗುತ್ತದೆ. ನನ್ನನ್ನು ಕೇಳಿದರೆ, ಒತ್ತುವ ಪಂಪು ಬಳಸುವ ಪ್ರತಿಯೊಬ್ಬರಿಗೂ ಸ್ಪೇಸರ್ ಬೇಕೇ ಬೇಕು. ಒಮ್ಮೆ ಕೊಂಡರೆ ತಿಂಗಳುಗಟ್ಟಲೆ ಬರುತ್ತದೆ, ಗಂಟಲಿಗೆ ಅಂಟುವುದು ಕಡಿಮೆ, ಎದೆಗಿಳಿಯುವುದು ಹೆಚ್ಚು. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ಹಾಗೇ ನೆರಳಲ್ಲಿ ಒಣಗಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ತು ಹತ್ತಿ ಔಷಧದ ಕಣಗಳು ಗೋಡೆಗೇ ಅಂಟಿಬಿಡುತ್ತವೆ.

ದೊಡ್ಡಮ್ಮನಿಗೆ ಕೊಟ್ಟಿದ್ದ ಪುಡಿಯ ಕ್ಯಾಪ್ಸೂಲಿನ ರೀತಿ ಇದಕ್ಕೆ ವಿರುದ್ಧ. ಅಲ್ಲಿ ಔಷಧವನ್ನು ತಳ್ಳುವ ಗಾಳಿ ಡಬ್ಬಿಯೊಳಗಿಲ್ಲ, ನಿಮ್ಮ ಉಸಿರೇ ಪುಡಿಯನ್ನು ಎಳೆದುಕೊಳ್ಳಬೇಕು. ಹಾಗಾಗಿ ನಿಧಾನ ಬೇಡ, ಜೋರಾಗಿ, ಆಳವಾಗಿ ಎಳೆಯಬೇಕು. ರೋಟಾಹೇಲರಿನ ಚೌಕಾಕಾರದ ತೂತಿಗೆ ಕ್ಯಾಪ್ಸೂಲಿನ ಪಾರದರ್ಶಕ ತುದಿ ಒಳಹೋಗುವಂತೆ ತಳ್ಳಿ, ಬುಡವನ್ನು ತಿರುಗಿಸಿದರೆ ಕ್ಯಾಪ್ಸೂಲು ಬಿಚ್ಚಿಕೊಂಡು ಪುಡಿ ಒಳಗೆ ಬೀಳುತ್ತದೆ. ಉಸಿರನ್ನು ಸಾಧನದ ಆಚೆ ಬಿಡಿ. ಅದರೊಳಗೇ ಊದಿದರೆ ಪುಡಿ ಹಾರಿಹೋಗುತ್ತದೆ, ತೇವ ತಗುಲಿ ಗಂಟು ಕಟ್ಟುತ್ತದೆ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ತೊಳೆದ ಸಾಧನ ಪೂರ್ತಿ ಒಣಗದೆ ಬಳಸಬೇಡಿ. ಮಳೆಗಾಲದಲ್ಲಿ ಕ್ಯಾಪ್ಸೂಲುಗಳನ್ನು ಬಾಟಲಿಯಿಂದ ಹೊರಗೆ ತೆಗೆದಿಡಬೇಡಿ. ಇಷ್ಟಾಗಿಯೂ, ಉಲ್ಬಣಿಸಿದ ಹೊತ್ತಿನಲ್ಲಿ ಜೋರಾಗಿ ಎಳೆಯಲು ಉಸಿರೇ ಇರುವುದಿಲ್ಲ. ಆಗ ಸ್ಪೇಸರ್ ಜೋಡಿಸಿದ ಒತ್ತುವ ಪಂಪೇ ಗತಿ.

ಯಾವ ಬಗೆಯದಾದರೂ, ಸ್ಟೀರಾಯ್ಡ್ ಇರುವ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಗಂಟಲು ಗಳಗಳ ಮಾಡಿ, ನೀರು ಉಗಿಯಬೇಕು. ನುಂಗಬಾರದು. ಇದನ್ನು ಬಿಟ್ಟರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟುತ್ತದೆ, ಧ್ವನಿ ಒಡೆಯುತ್ತದೆ. ಹಲ್ಲುಜ್ಜುವ ಮುಂಚೆ ಪಂಪು ಎಳೆಯುವ ರೂಢಿ ಮಾಡಿಕೊಂಡರೆ ಎರಡೂ ಒಟ್ಟಿಗೇ ಮುಗಿಯುತ್ತವೆ, ಮರೆಯುವ ಮಾತೂ ಇಲ್ಲ. ದೊಡ್ಡಮ್ಮ ಹೀಗೇ ಮಾಡುತ್ತಾರೆ, ಬಚ್ಚಲ ಕಿಟಕಿಯ ಹತ್ತಿರ ಬ್ರಷ್ಷಿನ ಪಕ್ಕದಲ್ಲೇ ರೋಟಾಹೇಲರು.

ಖಾಲಿಯಾಯಿತೇ ಎಂದು ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವವರಿದ್ದಾರೆ. ಆ ಪರೀಕ್ಷೆ ನಂಬುವಂಥದ್ದಲ್ಲ, ಕುಲುಕಿದಾಗ ಬರುವ ಸದ್ದೂ ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಗಾಳಿ ಚಿಮ್ಮುತ್ತದೆ. ಲೆಕ್ಕ ತೋರಿಸುವ ಅಂಕಿ ಇರುವ ಪಂಪಾದರೆ ಅದನ್ನೇ ನೋಡಿ. ಇಲ್ಲವಾದರೆ 120 ಪಫ್‌ನ ಪಂಪು ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯುತ್ತದೆ. ಶುರುಮಾಡಿದ ತಾರೀಖನ್ನು ಅದರ ಮೇಲೆ ಬರೆದಿಡಿ.

ಚೆನ್ನಾಗಿದೀನಲ್ಲ, ಇನ್ಯಾಕೆ?

ಈ ಪ್ರಶ್ನೆಯೇ ನಮ್ಮವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಹಾಕುವುದು. ಉಸಿರು ಸಲೀಸಾದದ್ದು ಔಷಧ ಊತವನ್ನು ಅದುಮಿ ಹಿಡಿದಿರುವುದರಿಂದ. ಕೈಬಿಟ್ಟರೆ ಅದು ಮೆಲ್ಲಗೆ ಮರಳುತ್ತದೆ. ಮೂರು ತಿಂಗಳು ತೊಂದರೆಯಿಲ್ಲದೆ ಕಳೆದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಆ ತೀರ್ಮಾನ ಅವರಿಗೆ ಬಿಡಿ. ನಿಮ್ಮ ಅಸ್ತಮಾ ಹತೋಟಿಯಲ್ಲಿದೆಯೇ ಎಂದು ಮನೆಯಲ್ಲೇ ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವೆ. ಹಿಂದಿನ ನಾಲ್ಕು ವಾರದಲ್ಲಿ, ಹಗಲು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ? ಅದರಿಂದ ರಾತ್ರಿ ಎಚ್ಚರವಾಯಿತೇ? ಅಸ್ಥಾಲಿನ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ತೋಟ, ಶಾಲೆ, ಮನೆ ಕೆಲಸ ಯಾವುದಾದರೂ ನಿಂತಿತೇ? ಒಂದಕ್ಕಾದರೂ ಹೌದು ಎಂದರೆ ಹತೋಟಿ ಪೂರ್ತಿಯಿಲ್ಲ.

ಪಂಪು ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಔಷಧ ಎಂಬ ಭಯ ಹಳ್ಳಿಗಳಲ್ಲಿ ಬೇರುಬಿಟ್ಟಿದೆ. ಪಂಪು ಮೈಗೆ ಚಟ ಹಿಡಿಸುವ ವಸ್ತುವಲ್ಲ. ಕೊನೆಯಲ್ಲಿ ಕೊಡುವಂಥದ್ದೂ ಅಲ್ಲ, ಮೊದಲಿಗೆ ಕೊಡಬೇಕಾದದ್ದು. ಸ್ಟೀರಾಯ್ಡ್ ಹೆಸರಿಗೆ ಹೆದರುವವರು ಒಂದು ಲೆಕ್ಕ ನೋಡಿ. ಗುಳಿಗೆಯಲ್ಲಿ ಕೊಡುವ ಸ್ಟೀರಾಯ್ಡನ್ನು ಮಿಲಿಗ್ರಾಮಿನಲ್ಲಿ ಅಳೆಯುತ್ತಾರೆ, ಪಂಪಿನದನ್ನು ಮೈಕ್ರೊಗ್ರಾಮಿನಲ್ಲಿ. 20 ಮಿಲಿಗ್ರಾಮಿನ ಗುಳಿಗೆ ಎಂದರೆ 20,000 ಮೈಕ್ರೊಗ್ರಾಂ. ದಿನಕ್ಕೆ 400 ಮೈಕ್ರೊಗ್ರಾಂ ಎಳೆಯುವವರಿಗೆ ಸಿಗುವುದು ಅದರ ಐವತ್ತರಲ್ಲೊಂದು ಪಾಲು. ಎರಡೂ ಬೇರೆ ಔಷಧಗಳಾದ್ದರಿಂದ ತೂಕ ಒಂದನ್ನೇ ನೋಡಿ ಅಳೆಯಲಾಗದು ನಿಜ, ಆದರೂ ಮೈಗೆ ಸೇರುವ ಹೊರೆಯ ಅಂತರ ಬಹಳ ದೊಡ್ಡದು. ಪಂಪಿಗೆ ಹೆದರಿ ಹೆಸರಿಲ್ಲದ ಪೊಟ್ಟಣದ ಪುಡಿ, ವಾರಕ್ಕೊಂದು ಸೂಜಿಯ ಮೊರೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡೇ, ಅದೂ ಅಳತೆಯಿಲ್ಲದೆ ಬೆರೆತಿರಬಹುದು. ಮೂಳೆ ಸವೆಯುವುದು, ಸಕ್ಕರೆ ಏರುವುದು ಅದರಿಂದ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನ ಮೀನಿನ ಔಷಧಕ್ಕೆ ನಮ್ಮ ನಾಡಿನಿಂದಲೂ ಹೋಗುತ್ತಾರೆ. ನಂಬಿಕೆ ಅವರವರದು. ಹೋಗುವವರು ಪಂಪನ್ನು ಮಾತ್ರ ನಿಲ್ಲಿಸಬೇಡಿ, ಆ ತಿಂಗಳಲ್ಲೇ ಉಬ್ಬಸ ಹೆಚ್ಚುವುದು.

ಪಂಪಿನಿಂದ ತೊಂದರೆಯೇ ಇಲ್ಲವೆಂದಲ್ಲ. ಕೈ ನಡುಕ, ಎದೆ ಡವಡವ, ಮೀನಖಂಡ ಹಿಡಿಯುವುದು ಕೆಲವರಿಗೆ ಶುರುವಿನಲ್ಲಿ ಆಗುತ್ತದೆ, ಬಹಳ ಸಲ ತಾನೇ ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ಪಂಪು ಎಳೆಯುವ ಸಿಒಪಿಡಿಯವರಿಗೆ ನ್ಯುಮೋನಿಯಾದ ಅಪಾಯ ಸ್ವಲ್ಪ ಹೆಚ್ಚು, ಹಾಗಾಗಿ ಜ್ವರ, ಬಣ್ಣ ತಿರುಗಿದ ಕಫ ಕಂಡರೆ ಕಾಯಬಾರದು. ಬಿಪಿ, ಹೃದಯದ ಗುಳಿಗೆಗಳಲ್ಲಿ ಪ್ರೊಪ್ರನೊಲಾಲ್‌ನಂಥವು, ಕಣ್ಣಿಗೆ ಬಿಡುವ ಟಿಮೊಲಾಲ್ ಹನಿ ಉಬ್ಬಸವನ್ನು ಕೆರಳಿಸಬಲ್ಲವು. ಕಣ್ಣಿನ ಡಾಕ್ಟರಿಗೂ ನಿಮ್ಮ ಗೂರಲಿನ ವಿಷಯ ಹೇಳಿ. ಬಸುರಿಯರು ಹೆದರಿ ಪಂಪು ಬಿಡಬಾರದು. ತಾಯಿಗೆ ಉಸಿರು ಸಿಗದಿದ್ದರೆ ಮಗುವಿಗೂ ಸಿಗದು. ಮದುವೆ ವಯಸ್ಸಿನ ಹೆಣ್ಣುಮಕ್ಕಳ ಪಂಪನ್ನು ಬಚ್ಚಿಡಿಸುವ ಅಪ್ಪ ಅಮ್ಮಂದಿರಿಗೆ ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಕನ್ನಡಕವನ್ನು ಯಾರೂ ಬಚ್ಚಿಡುವುದಿಲ್ಲ.

ಅಟ್ಟ, ಕರಟ, ಹಂಡೆ ಒಲೆ

ನಮ್ಮದು ಉಂಡೆ ಕೊಬ್ಬರಿಯ ನಾಡು. ಕಾಯಿಯನ್ನು ಮಟ್ಟೆಸಹಿತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತೇವೆ. ಅಷ್ಟು ದಿನ ಅಟ್ಟದಲ್ಲಿ ಧೂಳು, ಬೂಷ್ಟು, ಇಲಿ ಜಿರಲೆಯ ಕಸ ಸೇರುತ್ತದೆ. ಬಹಳ ಮನೆಗಳಲ್ಲಿ ಮಲಗುವ ಜಾಗ ಅದರ ಕೆಳಗೇ. ಕೊಬ್ಬರಿ ಸುಲಿಸುವ ದಿನ ಬಂತೆಂದರೆ ಮಟ್ಟೆಯ ಧೂಳು, ಕರಟ ಒಡೆಯುವ ಪುಡಿ ಹಜಾರದಲ್ಲೆಲ್ಲ ಹಾರುತ್ತದೆ. ನಾರಿನ ಕಾರ್ಖಾನೆ, ಕರಟ ಸುಟ್ಟು ಇದ್ದಿಲು ಮಾಡುವ ಘಟಕಗಳ ಸುತ್ತಲ ಊರುಗಳಲ್ಲಿ ಧೂಳು, ಹೊಗೆ ವರ್ಷವಿಡೀ ಇರುತ್ತದೆ. ಗದ್ದೆ ಬದುವಿನ ಕಾಂಗ್ರೆಸ್ ಹುಲ್ಲಿನ ಪರಾಗ ಬೇರೆ.

ಕೊಬ್ಬರಿ ಬಿಟ್ಟು ಬದುಕಿ ಎಂದು ಯಾರಿಗೂ ಹೇಳಲಾಗದು. ಆದರೆ ಉಬ್ಬಸ ಇರುವವರು ಮಲಗುವ ಕೋಣೆಯನ್ನು ಅಟ್ಟದ ಕೆಳಗಿನಿಂದ ಬದಲಾಯಿಸಬಹುದು. ಸುಲಿಯುವ ಕೆಲಸವನ್ನು ಹಜಾರದ ಬದಲು ಗಾಳಿಯಾಡುವ ಕಣದಲ್ಲಿ ಮಾಡಿಸಬಹುದು, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಬಹುದು, ಅಟ್ಟ ಗುಡಿಸುವ ದಿನ ಆಚೆ ಇರಬಹುದು. ಸುಗ್ಗಿಯ ಗದ್ದಲದಲ್ಲಿ ಮೊದಲು ಮರೆತುಹೋಗುವುದು ಪಂಪು, ಆ ದಿನಗಳಲ್ಲೇ ಅದು ತಪ್ಪಬಾರದು. ಗ್ಯಾಸ್ ಬಂದ ಮೇಲೂ ಸ್ನಾನದ ಹಂಡೆಗೆ ಮಟ್ಟೆ, ಗರಿ, ಕರಟ ಉರಿಸುವುದು ನಿಂತಿಲ್ಲ. ಮುಚ್ಚಿದ ಬಚ್ಚಲುಮನೆಯ ಆ ಹೊಗೆ ಸಿಗರೇಟಿಗಿಂತ ಸೌಮ್ಯವೇನಲ್ಲ. ಒಲೆಯನ್ನು ಹೊರಗಿಟ್ಟು ನೀರನ್ನು ಒಳಗೆ ತಂದುಕೊಳ್ಳಿ. ಸೋಲಾರ್ ಹಾಕಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಮುಖ್ಯವಾದ ಎಚ್ಚರಿಕೆ: ಖಾಲಿ ಪಂಪಿನ ಡಬ್ಬಿಯನ್ನು ಕಸದ ಜೊತೆ ಹಂಡೆ ಒಲೆಗೆ ಹಾಕಬೇಡಿ. ಒತ್ತಡದ ಅನಿಲ ತುಂಬಿದ ಲೋಹದ ಡಬ್ಬಿ ಅದು, ಬೆಂಕಿಯಲ್ಲಿ ಸಿಡಿಯುತ್ತದೆ. ತುಂಬಿದ ಪಂಪನ್ನೂ ಒಲೆಯ ದಂಡೆ, ಬಿಸಿಲಲ್ಲಿ ನಿಂತ ಟ್ರ್ಯಾಕ್ಟರು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು.

ಸಿಒಪಿಡಿ ಇರುವವರಿಗೆ ಬೀಡಿ ಬಿಡುವುದಕ್ಕಿಂತ ದೊಡ್ಡ ಔಷಧ ಯಾವುದೂ ಇಲ್ಲ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದರೆ ನ್ಯುಮೋನಿಯಾ ಲಸಿಕೆ, ದಿನಾ ಸ್ವಲ್ಪ ನಡಿಗೆ ಜೊತೆಗಿರಲಿ.

ಖರ್ಚಿನ ಮಾತು. ಬ್ಯುಡೆಸೊನೈಡ್–ಫಾರ್ಮೊಟೆರಾಲ್ ಜೋಡಿ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರದಲ್ಲಿ ಬ್ರಾಂಡಿನ ಹೆಸರು ಹೇಳದೆ ಔಷಧದ ಹೆಸರು ಹೇಳಿ ಕೇಳಿ, ಬೆಲೆ ಬಹಳ ಕಡಿಮೆ. ಬದಲಿಸಿದ ಪಂಪಿನ ಸಾಧನ ಬೇರೆಯಾಗಿದ್ದರೆ ಎಳೆಯುವ ರೀತಿಯನ್ನು ಮತ್ತೆ ಕಲಿಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯೇ ಎಂದು ಕೇಳುವುದನ್ನು ಬಿಡಬೇಡಿ. ಕೇಳುವವರಿದ್ದರೆ ತರಿಸುತ್ತಾರೆ.

ತಡ ಮಾಡಬಾರದ ಹೊತ್ತು

ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಎಳೆಯುತ್ತಿದ್ದರೆ, ರೋಗಿ ಮಂಕಾದರೆ, ತುರ್ತು ಪಂಪು ಎಳೆದೂ ಸಲೀಸಾಗದಿದ್ದರೆ, ಕೂಡಲೇ 108ಕ್ಕೆ ಕರೆ ಮಾಡಿ. ಸುಂಯ್ ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಸುಸ್ತಾಗಿದ್ದರೆ ಗುಣವಾಯಿತೆಂದು ತಿಳಿಯಬೇಡಿ, ಗಾಳಿ ಆಡುವುದೇ ನಿಲ್ಲುತ್ತಿದೆ ಎಂದರ್ಥ. ರೋಗಿಯನ್ನು ಮಲಗಿಸದೆ ಮುಂದಕ್ಕೆ ಬಾಗಿಸಿ ಕೂರಿಸಿ. ಅಸ್ಥಾಲಿನ್ ಇದ್ದರೆ ಸ್ಪೇಸರಿನಲ್ಲಿ ಒಂದೊಂದೇ ಪಫ್‌ನಂತೆ ನಾಲ್ಕರಿಂದ ಹತ್ತು ಪಫ್ ಕೊಡಿ. ಆಸ್ಪತ್ರೆ ಮುಟ್ಟುವವರೆಗೆ, ಮೊದಲ ಒಂದು ಗಂಟೆ, 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬಹುದು. ತಿಪಟೂರಿನಿಂದ ತುಮಕೂರು ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿ, ಆಮೇಲೆ ದೂರದ ಯೋಚನೆ ಮಾಡಿ.

ರೋಟಾಹೇಲರಿನ ಕವರು ಬಿಚ್ಚಿ, ಎಳೆಯುವುದನ್ನು ಎರಡು ದಿನ ಕೂತು ಕಲಿಸಿದ ಮೇಲೆ ದೊಡ್ಡಮ್ಮ ಆ ವರ್ಷದ ಮಳೆಗಾಲದಲ್ಲಿ ಮಲಗಿ ನಿದ್ದೆ ಮಾಡಿದರು. ಔಷಧ ಅದೇ, ಬಾಟಲಿಯೂ ಅದೇ. ಮುಂದಿನ ಸಲ ಕೊಬ್ಬರಿ ಹಾಕಲೆಂದೋ ಸಂತೆಗೆಂದೋ ಪೇಟೆಗೆ ಬರುವಾಗ ನಿಮ್ಮ ಮನೆಯ ಪಂಪನ್ನೂ ಚೀಲದಲ್ಲಿ ಇಟ್ಟುಕೊಂಡು ಬನ್ನಿ. ಡಾಕ್ಟರೋ ನರ್ಸೋ ಔಷಧ ಅಂಗಡಿಯವರೋ, ತಿಳಿದ ಒಬ್ಬರ ಮುಂದೆ ಒಮ್ಮೆ ಎಳೆದು ತೋರಿಸಿ, "ಸರಿಯಾಗಿ ಎಳೀತಿದೀನಾ?" ಎಂದು ಕೇಳಿ.